ಭಾರ ಇಳಿಸುವ ತೌನೊ

"ಈ ಸರೋವರದ ಮೇಲೆ ನನ್ನ ಬಂಡಿಯನ್ನ ಹಿಂದೆ ಹಾಕೋದು ಉತ್ತರದ ಗಾಳಿಗೂ ಆಗದ ಮಾತು" ಎಂದು ಲಾಪ್‌ಲ್ಯಾಂಡಿನ ನಮ್ಮ ತೌನೊ ಪ್ರತಿ ಚಳಿಗಾಲವೂ ಸಾರುತ್ತಾನೆ. ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲು ಕಿಲೋಮೀಟರಿನ ಓಟ, ಮೂಗೊರೆಸಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಅಷ್ಟಕ್ಕೆ ಅವನು ತಿಂಗಳುಗಟ್ಟಲೆ ತನ್ನ ಮೋಟಾರು ಹಿಮಬಂಡಿಯನ್ನು ಬಿಚ್ಚಿ ಕಟ್ಟುತ್ತಾನೆ. ಚಳಿ ಒಂದು ಡಿಗ್ರಿ ಏರಿಳಿದರೂ ಕಾರ್ಬ್ಯುರೇಟರಿನ ಜೆಟ್ ಬದಲಿಸುತ್ತಾನೆ, ಕ್ಲಚ್ಚಿನ ತೂಕದ ತುಂಡುಗಳನ್ನು ಅಕ್ಕಸಾಲಿಗನಂತೆ ಅರದಿಂದ ಉಜ್ಜುತ್ತಾನೆ. ತಣ್ಣಗಿದ್ದರೆ ಎಂಜಿನ್ನಿನ ರಬ್ಬರ್ ಬೆಲ್ಟ್ ಹಿಡಿಯುವುದಿಲ್ಲವೆಂದು ಓಟದ ದಿನ ಅದನ್ನು ಮೈ ಬೆವರಿಸುವ ಸೌನಾ ಕೋಣೆಗೆ ಕರೆದೊಯ್ದು, ಒಣ ಶಾಖದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾನೆ. "ನೀನು ಕಟ್ಟಿಕೊಂಡಿದ್ದು ನನ್ನನ್ನೋ ಆ ರಬ್ಬರನ್ನೋ?" ಎಂದು ಹೆಂಡತಿ ಹಿಲ್ಕ ಟವೆಲ್ ಹಿಡಿದು ಹೊರಗೆ ಗೊಣಗಿದರೆ, "ಬಾಗಿಲು ಹಾಕೇ, ಅದಕ್ಕೆ ನೆಗಡಿಯಾದೀತು" ಎನ್ನುತ್ತಾನೆ. ಭಾರ ಇಳಿಸಲು ಸೀಟಿನ ಸ್ಪಂಜು, ಕನ್ನಡಿ, ದೀಪ ಎಲ್ಲ ಕಿತ್ತ. ಉಳಿದ ತಗಡಿಗೆ ಜರಡಿಯಂತೆ ತೂತು ಕೊರೆದ. ಕೊನೆಗೆ ಮೀಸೆಯನ್ನೂ ಬೋಳಿಸಿದ. ಇಷ್ಟಾದರೂ ಒಂದು ಸಲವೂ ಗೆದ್ದವನಲ್ಲ. ಮಂಜುಗಡ್ಡೆ ಮೆದುವಾಗುವ ಮುಂಚಿನ ಕೊನೆಯ ಓಟ ಈ ಭಾನುವಾರ ನಡೆಯಿತು; ನೆರೆಮನೆಯ ಎಸ್ಕೊ ಒಂದೇ ಗೇಣಿನಿಂದ ಅವನನ್ನು ಸೋಲಿಸಿದ. ಆಮೇಲೆ ಎಸ್ಕೊ ಅವನ ಸೀಟಿನ ಹಿಂದಿನಿಂದ ದಪ್ಪ ಹಗ್ಗದ ಸುರುಳಿಯನ್ನೂ ಕಬ್ಬಿಣದ ಕೊಕ್ಕೆಯನ್ನೂ ಎತ್ತಿ ಎಲ್ಲರಿಗೂ ತೋರಿಸಿ ನಕ್ಕ: "ಲೋ ಮುದುಕ, ಇಷ್ಟು ಭಾರ ಯಾಕೋ ಹೊತ್ಕೊಂಡು ಓಡ್ತೀಯ? ಇದನ್ನ ಮನೇಲಿ ಬಿಟ್ಟು ಬಂದಿದ್ರೆ ಇವತ್ತು ನೀನೇ ಗೆಲ್ತಿದ್ದೆ!" ತೌನೊ ಹಗ್ಗವನ್ನು ಕಿತ್ತುಕೊಂಡು ಮತ್ತೆ ಅಲ್ಲೇ ಬಿಗಿದ. "ಹೋದ ವರ್ಷ ನೀನು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದೆಯಲ್ಲ, ಆವತ್ತು ಈ ಹಗ್ಗ ಮನೇಲಿ ಬಿಟ್ಟು ಬಂದಿದ್ರೂ ಇವತ್ತು ನಾನೇ ಗೆಲ್ತಿದ್ದೆ ಕಣೋ."