ಪಲ್ಪರ್ ಸದ್ದು ಕೇಳಲು ಬಂದ ಹಾಡುಗಾರ

ಆ ಹಾಡುಗಾರರ ಮೊದಲ ಕ್ಯಾಸೆಟ್ಟನ್ನು ನಾನು ಆಲ್ದೂರಿನಲ್ಲಿ ಕೊಂಡದ್ದು ಅದರ ಮೇಲಿನ ಚಿತ್ರ ನೋಡಿ. ಒಳಗೆ ಏನಿದೆಯೆಂದು ಗೊತ್ತಿರಲಿಲ್ಲ. ಗಿಟಾರು, ಡ್ರಮ್ಮು, ಅವುಗಳ ನಡುವೆ ನಮ್ಮ ಕನ್ನಡ. ಎಸ್ಸೆಸ್ಸೆಲ್ಸಿ ಮುಗಿಸಿ ಕಾಫಿ ತೋಟಕ್ಕೆ ಸೇರಿದ್ದ ನನಗೆ ಅದನ್ನು ರಾಕ್ ಎನ್ನುತ್ತಾರೆಂದು ತಿಳಿದದ್ದೇ ಎಷ್ಟೋ ಕಾಲದ ಮೇಲೆ. ಮೊದಲ ದಿನ ಕೇಳಿದ ಹೆಂಡತಿ, "ಇವ್ರಿಗೆ ಹೊಟ್ಟೆನೋವೇನ್ರೀ? ಹಿಂಗೆ ಕಿರುಚ್ತಾರಲ್ಲ" ಎಂದಿದ್ದಳು. ಕ್ಯಾಸೆಟ್ಟು ಸವೆಯಿತು, ಹಾಡುಗಳು ಮೊಬೈಲಿಗೆ ಬಂದವು, ನನ್ನ ತಲೆ ನರೆಯಿತು. ಆ ಕಿರುಚಾಟ ಮಾತ್ರ ಬೇಸರವಾಗಲಿಲ್ಲ.

ಹೋದ ವರ್ಷ ಅವರು ನಮ್ಮ ತೋಟದ ಸಾಹುಕಾರರ ಹೋಂಸ್ಟೇಗೆ ಬಂದಿದ್ದರು. ಆಗ ನಾನು ಕೊಯ್ಲಿನ ನಡುವೆಯೇ ಯಂತ್ರದ ಕೆಲಸ ಹುಡುಗರಿಗೆ ಬಿಟ್ಟು ಕಳಸದಲ್ಲಿ ಮಗಳ ಮನೆಯಲ್ಲಿದ್ದೆ. ಹಿಂದಿರುಗುವಷ್ಟರಲ್ಲಿ ಹೊರಟುಹೋಗಿದ್ದರು. ಹೋಂಸ್ಟೇ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಡತಿಯನ್ನು ಪೀಡಿಸಿಬಿಟ್ಟೆ. ಎಲ್ಲಿ ಕೂತಿದ್ದರು? ಕಾಫಿಗೆ ಸಕ್ಕರೆ ಹಾಕಿಸಿಕೊಂಡರೇ? ಮಾತಾಡುವಾಗಲೂ ದನಿ ಹಾಗೇನಾ?

"ಎಲ್ರ ಥರಾನೇ ಕಡುಬು ತಿಂದ್ರು, ಹೋದ್ರು. ಇನ್ನೇನು ಬೇಕು ಮಾರಾಯ್ರೆ ನಿಮಗೆ?" ಎಂದಳು.

ಈ ವರ್ಷ ಹಣ್ಣು ಕೊಯ್ಲಿನ ಹೊತ್ತಿಗೆ ಅವರು ಮತ್ತೆ ಬರುತ್ತಾರೆ, ಪಲ್ಪರ್ ಮನೆ ನೋಡಬೇಕಂತೆ ಎಂದು ಸಾಹುಕಾರರು ಹೇಳಿದರು. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಅದು ನನ್ನ ಸುಪರ್ದಿಯಲ್ಲೇ ಇದೆ. ಯಾಕೆ ನೋಡಬೇಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತೋಟದಲ್ಲಿ ದೊಡ್ಡವರು ಬರುತ್ತಾರೆಂದರೆ ನಾವು ಮಾಡುವುದು ಒಂದೇ: ತೊಳೆಯುವುದು, ಒರೆಸುವುದು, ಗ್ರೀಸು ಹಾಕುವುದು. ಸವೆದು ಹೋಗಿದ್ದ ಬೇರಿಂಗ್ ತೆಗೆದು ಹೊಸದು ಕೂರಿಸಿದೆ. ನಟ್ಟು ಬೋಲ್ಟು ಎಲ್ಲ ಬಿಗಿದೆ. ಯಂತ್ರ ಬೆಣ್ಣೆಯಂತೆ ತಿರುಗಿತು. ದೇವರ ಗುಡಿ ಸಾರಿಸಿದಷ್ಟು ತೃಪ್ತಿಯಾಯಿತು ನನಗೆ.

ಅವರು ಬಂದರು. ಪೋಸ್ಟರಿನಲ್ಲಿದ್ದಷ್ಟು ಎತ್ತರವಿರಲಿಲ್ಲ. ಹವಾಯಿ ಚಪ್ಪಲಿ, ಹಳೆಯ ಸ್ವೆಟರ್, ಕೈಯಲ್ಲಿ ಸದ್ದು ಹಿಡಿಯುವ ಸಣ್ಣ ಯಂತ್ರ. ಬೆರಳ ತುದಿಗಳು ನಮ್ಮ ಕೈಗಳ ಹಾಗೇ ದಡ್ಡುಗಟ್ಟಿದ್ದವು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ.

"ಶುರು ಮಾಡಿ ಯಜಮಾನ್ರೇ" ಎಂದರು.

ಮಾಡಿದೆ. ಅವರು ಬಾಗಿ ಕಿವಿಗೊಟ್ಟರು. ಯಂತ್ರದ ಸುತ್ತ ಬಂದರು. ಮುಖ ಇಳಿಯಿತು.

"ಇದಲ್ಲ. ಹೋದ ವರ್ಷ ಹಿಂಗಿರ್ಲಿಲ್ಲ. ಟಕ ಟಕ ಟಕ ಅಂದು ಆಮೇಲೆ ಒಂದು ಸಲ ಎಡವಿದ ಹಾಗೆ ಬರ್ತಿತ್ತು. ಅದರ ಮೇಲೇ ಒಂದು ಹಾಡು ಕಟ್ತಿದೀನಿ. ಅದೇ ಮೆಷಿನ್ನಾ ಇದು?"

ಪಕ್ಕದಲ್ಲೇ ಸಾಹುಕಾರರು ನಿಂತಿದ್ದರು. ಬೇರಿಂಗ್ ಸವೆದ ಪಲ್ಪರು ಹಣ್ಣಿನ ಜೊತೆ ಬೀಜವನ್ನೂ ಕಚ್ಚುತ್ತದೆ, ಕಚ್ಚಿದ ಬೀಜಕ್ಕೆ ಬೆಲೆಯಿಲ್ಲ. ಹೋದ ವರ್ಷದ ಕೊಯ್ಲೆಲ್ಲ ಹಾಗೇ ನಡೆಸಿದೆ ಎಂದು ಅವರೆದುರು ಹೇಗೆ ಹೇಳಲಿ?

"ಅದೇ ಸರ್. ಯಾವಾಗ್ಲೂ ಹಿಂಗೇ ಓಡದು. ನೀವು ಬೇರೆ ತೋಟದಲ್ಲಿ ಕೇಳಿರ್ಬೇಕು" ಎಂದುಬಿಟ್ಟೆ.

ಅವರು ನನ್ನನ್ನು ಸಂಶಯದಿಂದ ನೋಡಲಿಲ್ಲ. ತಮ್ಮ ಕಿವಿಯನ್ನು ಮುಟ್ಟಿಕೊಂಡರು.

ಮರುದಿನ ಬೆಳಗಿನಿಂದ ಸಂಜೆಯವರೆಗೆ ಜೀಪಿನಲ್ಲಿ ವಸ್ತಾರೆ ಕಡೆಯ ತೋಟಗಳ ಪಲ್ಪರ್ ಮನೆಗಳನ್ನೆಲ್ಲ ಸುತ್ತಿ ಬಂದರು. ರಾತ್ರಿ ಹೆಂಡತಿ ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದಳು.

"ಪಾಪ, ಊಟ ಮುಟ್ಟಲಿಲ್ಲ ಕಣ್ರೀ. ಸ್ಪೀಕರ್ ಎದ್ರು ನಿಂತೂ ನಿಂತೂ ಕಿವಿ ಮೊದ್ಲೇ ಮಂದ ಆಗಿತ್ತಂತೆ. ಈಗ ಇಲ್ಲದ್ದೂ ಕೇಳಕ್ಕೆ ಶುರುವಾಗಿದೆ, ಇನ್ನು ಸ್ಟೇಜ್ ಹತ್ತಲ್ಲ, ಪ್ರೋಗ್ರಾಂ ಬೇಡ ಅಂದ್ಬಿಡು ಅಂತ ಯಾರಿಗೋ ಫೋನಲ್ಲಿ ಹೇಳ್ತಿದ್ರು."

ನಾನು ಮಾಡಿದ್ದನ್ನು ಅವಳಿಗೆ ಹೇಳಿದೆ.

"ಮೂವತ್ತು ವರ್ಷ ಅವ್ರ ಹಾಡು ಕೇಳ್ಸಿ ನನ್ನ ತಲೆ ತಿಂದ್ರಿ. ಈಗ ಅವ್ರ ತಲೇನೂ ಕೆಡ್ಸಿದ್ರಾ?"

ಬೆಳಿಗ್ಗೆ ಹೋದಾಗ ಅವರೂ ಸಾಹುಕಾರರೂ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಹಾಡುಗಾರರನ್ನು ಒಬ್ಬರನ್ನೇ ಆಚೆ ಕರೆಯಬಹುದಿತ್ತು. ಕರೆಯಲಿಲ್ಲ. ಸಾಹುಕಾರರ ಎದುರು ಹೇಳಿದ ಸುಳ್ಳನ್ನು ಅವರ ಎದುರೇ ಒಪ್ಪಿಕೊಳ್ಳಬೇಕು ಅನ್ನಿಸಿತು. ನಿಂತಲ್ಲೇ ಹೇಳಿದೆ. ಬೇರಿಂಗ್ ಹೋದ ವರ್ಷ ಸವೆದಿತ್ತು, ನೀವು ಬರುತ್ತೀರೆಂದು ನಾನೇ ಬದಲಿಸಿದೆ, ಆಮೇಲೆ ಸುಳ್ಳಾಡಿದೆ.

ಹಾಡುಗಾರರು ಲೋಟ ಕೆಳಗಿಟ್ಟರು. "ಯಾವ ಕಡೆ ಬೇರಿಂಗು?"

"ಎಡಗಡೆದು ಸರ್."

"ಎಡಗಡೆ! ನಾನು ಎಡಗಡೆಯಿಂದಲೇ ಕೇಳಿದ್ದು. ಹಾಗಾದ್ರೆ ಅದು ಇತ್ತು?"

"ಇತ್ತು ಸರ್."

"ಎಡವಿದ ಹಾಗೆ ಬರ್ತಿದ್ದದ್ದು?"

"ಅದೂ ಇತ್ತು. ಹಳೇ ಬೇರಿಂಗ್ ಗುಜರಿಗೆ ಹಾಕಿಲ್ಲ. ಬೇಕಂದ್ರೆ ಮತ್ತೆ ಹಾಕ್ತೀನಿ."

"ಹಾಕಿದ್ರೆ ಜೋಕೆ!" ಎಂದರು ಸಾಹುಕಾರರು. ಆಮೇಲೆ ನನ್ನನ್ನು ದಿಟ್ಟಿಸಿ, "ಹೋದ ವರ್ಷದ ವಿಷಯ ಸಂಜೆ ಮಾತಾಡನ" ಎಂದರು. ಸಂಜೆ ಮಾತಾಡಿದರು. ಅದು ನನಗೆ ಸಲ್ಲಬೇಕಾದದ್ದೇ ಆಗಿತ್ತು.

ಹಾಡುಗಾರರು ನನ್ನ ಮೇಲೆ ಸಿಟ್ಟಾಗುತ್ತಾರೆಂದು ಕಾದೆ. "ದೊಡ್ಡ ಕಳ್ಳ ಮಾರಾಯ್ರೆ ನೀವು" ಎಂದರು, ನಮ್ಮ ಕಡೆಯ ಮಾತನ್ನು ಆಗಲೇ ಕಲಿತುಬಿಟ್ಟವರಂತೆ. ಅದು ಬೈಗುಳವೋ ತಮಾಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆ ಇತ್ತು. ಕೇಳಲು ಮುಖವಿರಲಿಲ್ಲ.

ಅಷ್ಟರಲ್ಲಿ ಅವರು ಎದ್ದು ಫೋನ್ ಕಿವಿಗಿಟ್ಟುಕೊಂಡಿದ್ದರು. "ನಾನೇ ಕಣೋ. ಬೇಡ ಅಂದ್ಬಿಟ್ಯಾ? ಇನ್ನೂ ಇಲ್ವಾ? ಸದ್ಯ. ಬರ್ತೀನಿ. ಏ, ಬರ್ತೀನಿ ಅಂದ್ನಲ್ಲ!" ಹಾಗೆ ಮಾತಾಡುತ್ತಾ ಅಂಗಳಕ್ಕಿಳಿದು, ಒಣಹಾಕಿದ್ದ ಕಾಫಿಯ ಮೇಲೆ ಚಪ್ಪಲಿ ಹಾಕಿಕೊಂಡೇ ನಡೆದರು. ಬೇರೆ ಯಾರಾದರೂ ಆಗಿದ್ದರೆ ಕೂಗಿ ನಿಲ್ಲಿಸುತ್ತಿದ್ದೆ. ಸಾಹುಕಾರರೂ ಸುಮ್ಮನೆ ನೋಡುತ್ತಿದ್ದರು.