ಡಬ್ಬದ ಅಡಿಯ ಚೀಟಿ

ಎಣ್ಣೆಯ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ಮೂವತ್ತು ವರ್ಷ ರವಿಕೆ ಹೊಲಿದು ನನ್ನ ಬಲಭುಜ ಹಿಡಿದುಕೊಂಡಿದೆ. ಬೆಳಿಗ್ಗೆ ಸ್ನಾನಕ್ಕೆ ಮೊದಲು ನಾನೇ ಎಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳದಿದ್ದರೆ ಕೈ ಮೇಲೇಳುವುದಿಲ್ಲ. ದುಡ್ಡು ಕೊಟ್ಟು ತಿಕ್ಕಿಸಿಕೊಳ್ಳುವಷ್ಟು ಅನುಕೂಲ ನನಗಿಲ್ಲ. ಇದ್ದರೂ, ಅವರು ಹಚ್ಚುವ ಎಣ್ಣೆ ಎಂಥದ್ದೆಂದು ಯಾರಿಗೆ ಗೊತ್ತು?

ಬಿಕರ್ನಕಟ್ಟೆಯಲ್ಲಿ ನಮ್ಮ ಮನೆಯ ಹತ್ತಿರವೇ ಎಣ್ಣೆ ಮಿಲ್ಲು ಇದೆ. ಅಲ್ಲಿಂದ ತಂದ ತೆಂಗಿನೆಣ್ಣೆಯನ್ನು ಮೊದಲು ಒಂದು ಗ್ಲಾಸಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಪೂರ್ತಿ ಬೆಳ್ಳಗೆ ಹೆಪ್ಪುಗಟ್ಟಬೇಕು. ಮೇಲೆ ತೆಳ್ಳಗೆ ನೀರಿನಂತೆ ನಿಂತರೆ ಏನೋ ಬೆರೆಸಿದ್ದಾರೆಂದೇ ನನ್ನ ತೀರ್ಮಾನ. ಕ್ರೀಮಾದರೆ ಮೊಣಕೈಯ ಒಳಬದಿಗೆ ಚಿಟಿಕೆಯಷ್ಟು ಹಚ್ಚಿ ಒಂದು ದಿನ ಕಾಯುತ್ತೇನೆ. ಘಮಘಮ ಎನ್ನುವುದನ್ನು ಮುಟ್ಟುವುದೇ ಇಲ್ಲ; ಪರಿಮಳಕ್ಕೆ ದುಡ್ಡು ಕೊಟ್ಟು ತುರಿಕೆ ತಂದುಕೊಳ್ಳುವುದು ಯಾಕೆ? ಡಬ್ಬದ ಸಣ್ಣ ಅಕ್ಷರವನ್ನೆಲ್ಲ ನಾನು ಓದಿ ಮುಗಿಸುವವರೆಗೆ ಮೆಡಿಕಲ್ ಶಾಪಿನವರು ಬೇರೆ ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ. ಅವರಿಗೂ ಅಭ್ಯಾಸವಾಗಿದೆ.

ನಾನು ಓದದೆ, ಕಾಯದೆ ಹಚ್ಚಿಕೊಳ್ಳುತ್ತಿದ್ದದ್ದು ಒಂದನ್ನೇ. ನನ್ನ ತಮ್ಮ ಗಲ್ಫಿನಿಂದ ತರುವ ಕ್ರೀಮು. ರಜೆಯಲ್ಲಿ ಬಂದವರು ಸಂಬಂಧಿಕರ ಮನೆಮನೆಗೆ ಒಂದು ಕ್ರೀಮು, ಒಂದು ನೋವಿನೆಣ್ಣೆಯ ಕುಪ್ಪಿ, ಒಂದು ಸೋಪು ಹಂಚದಿದ್ದರೆ ನಮ್ಮಲ್ಲಿ ಬಂದ ಲೆಕ್ಕವೇ ಅಲ್ಲ. ಅಲ್ಲಿಯದ್ದು ಎಂದ ಮೇಲೆ ಒಳ್ಳೆಯದೇ ಎಂದು ನಾನೂ ಎಲ್ಲರ ಹಾಗೆ ನಂಬಿದ್ದೆ. ತಮ್ಮ ಅಲ್ಲಿ ಸ್ಟೋರ್ ಕೀಪರ್. ಏಸಿಯಲ್ಲಿ ಕೂತು ಕಂಪ್ಯೂಟರ್ ನೋಡುವ ಕೆಲಸ ಎಂದು ನಾನು ಹತ್ತು ಮದುವೆ ಮನೆಗಳಲ್ಲಾದರೂ ಹೇಳಿಕೊಂಡಿದ್ದೇನೆ.

ಈ ಸಲ ಅವನು ಬಂದಾಗಲೂ ಕ್ರೀಮಿನ ಡಬ್ಬ ಬಂತು. ತಮ್ಮನ ಹೆಂಡತಿ ಮನೆಗೆ ಬಂದು ಕೊಟ್ಟು ಹೋದಳು. ಎರಡು ದಿನ ಹಚ್ಚಿಕೊಂಡೆ. ಮೂರನೆಯ ದಿನ ಡಬ್ಬ ಕೈಜಾರಿ ಬಿದ್ದು ಮಗುಚಿತು. ಎತ್ತಿಕೊಳ್ಳುವಾಗ ನೋಡಿದೆ, ಅಡಿಯಲ್ಲಿ ಒಂದು ಬಿಳಿ ಚೀಟಿ. ಇಲ್ಲಿಗೆ ತರಿಸಿ ಮಾರುವವರ ವಿಳಾಸ, ಕೆಳಗೆ ರೂಪಾಯಿಯಲ್ಲಿ ರೇಟು. ಗಲ್ಫಿನ ಅಂಗಡಿಯವರು ರೂಪಾಯಿಯಲ್ಲಿ ಯಾಕೆ ರೇಟು ಬರೆಯುತ್ತಾರೆ?

ನನ್ನ ತಲೆ ಮೊದಲು ಓಡಿದ್ದು ಕೆಟ್ಟ ದಾರಿಯಲ್ಲೇ. ಒಳ್ಳೆಯ ಮಾಲೆಲ್ಲ ಹೆಂಡತಿಯ ತವರಿಗೆ ಹೋಗಿದೆ, ಅಕ್ಕನಿಗೆ ಪೇಟೆಯಿಂದ ಒಂದು ತಂದು ದಾಟಿಸಿದ್ದಾರೆ ಅಂದುಕೊಂಡೆ. ಹೊಟ್ಟೆ ಉರಿಯಿತು. ಆ ಸಿಟ್ಟಿನಲ್ಲೇ ಡಬ್ಬ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಪೇಟೆಯಲ್ಲಿ ಫಾರಿನ್ ಸಾಮಾನು ಮಾರುವ ಅಂಗಡಿಗೆ ಹೋದರೆ ಅದೇ ಡಬ್ಬ ಸಾಲಾಗಿ ಕೂತಿದೆ.

ಗಲ್ಫಿನಿಂದ ಬಂದವರು ಕೊಟ್ಟ ಡಬ್ಬದಲ್ಲಿ ಇಲ್ಲಿಯ ಚೀಟಿ ಯಾಕೆ ಎಂದು ಕೇಳಿದ್ದಕ್ಕೆ ಅಂಗಡಿಯವರು ನಕ್ಕರು. "ಅಲ್ಲಿಂದ ಬಂದವರೇ ಇಲ್ಲಿ ಬಂದು ತೆಗೊಳ್ತಾರೆ ಅಕ್ಕ. ವಿಮಾನದಲ್ಲಿ ಲಗೇಜು ಜಾಸ್ತಿ ಆದ್ರೆ ದಂಡ ಉಂಟಲ್ಲ? ಅಷ್ಟು ತೂಕ ಯಾರು ಹೊತ್ಕೊಂಡು ಬರ್ತಾರೆ?"

ಅದೂ ಸರಿ ಅನ್ನಿಸಿತು. ಸಿಟ್ಟು ಇಳಿಯಿತು, ಸ್ವಲ್ಪ ನಾಚಿಕೆಯೂ ಆಯಿತು. ಆದರೆ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನೆನಪಾಯಿತು: ಈ ಸಲ ತಮ್ಮ ತಂದದ್ದು ಒಂದೇ ಬ್ಯಾಗು, ಅದೂ ಹೆಗಲಿಗೆ ಹಾಕುವಂಥದ್ದು. ಏರ್‌ಪೋರ್ಟಿಗೆ ಅವನನ್ನು ಕರೆತರಲು ಹೋದವಳು ನಾನೇ. ತೂಕದ ಚಿಂತೆ ಅವನಿಗೆಲ್ಲಿಂದ? ಬಿಕರ್ನಕಟ್ಟೆಯ ಬಸ್ಸು ಬಿಟ್ಟು ತಮ್ಮನ ಮನೆಯಿರುವ ದೇರೆಬೈಲಿನದ್ದು ಹತ್ತಿದೆ.

ಮನೆಯಲ್ಲಿ ತಮ್ಮನೊಬ್ಬನೇ ಇದ್ದ. ಹೆಂಡತಿ ತರಕಾರಿ ತರಲು ಹೋಗಿದ್ದಳಂತೆ. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಂಗೈಗೆ ತೆಂಗಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದ. ನನ್ನನ್ನು ಕಂಡವನೇ ಎರಡೂ ಕೈಯನ್ನು ಮೈ ಒರೆಸುವ ಬೈರಾಸಿನೊಳಗೆ ಸೇರಿಸಿದ.

"ಕೈ ತೋರಿಸು," ಎಂದೆ.

"ಎಂತ ಇಲ್ಲ ಅಕ್ಕ."

"ತೋರಿಸು ಮಾರಾಯ."

ಬೆರಳಿನ ಗೆಣ್ಣುಗೆಣ್ಣಿನಲ್ಲೂ ಚರ್ಮ ಸೀಳಿತ್ತು. ಅಂಗೈ ಬಿಳುಚಿ, ಸುಲಿದು, ಕೆಲವು ಕಡೆ ಒಳಗಿನ ಕೆಂಪು ಕಾಣುತ್ತಿತ್ತು. ಕಂಪ್ಯೂಟರ್ ಮುಟ್ಟಿದ ಕೈ ಹೀಗಾಗುವುದಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಅವನ ಮೇಲೆ ಕೋಪ ಬಂತು.

"ಕಂಪೆನಿ ಬಾಗಿಲು ಹಾಕಿ ಎರಡು ವರ್ಷ ಆಯ್ತು," ಎಂದ. "ಈಗ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯೋದು. ದಿನವಿಡೀ ಸೋಪಿನ ನೀರು. ಗ್ಲೌಸ್ ಕೊಡ್ತಾರೆ, ಹರಿದ್ರೆ ಬೇರೆ ಕೊಡ್ಲಿಕ್ಕೆ ತಡ ಮಾಡ್ತಾರೆ. ಬರುವಾಗ ಕೈಯಲ್ಲಿ ಎಂತ ಇರ್ಲಿಲ್ಲ. ಇಲ್ಲಿ ಬಂದ ಮರುದಿನ ಪೇಟೆಯಿಂದ ತಂದು ಬ್ಯಾಗಿಗೆ ತುಂಬಿಸಿದೆ."

"ಅವಳು ಕೈ ನೋಡಿ ಎಂತ ಹೇಳಿದ್ಲು?"

"ಅಲರ್ಜಿ ಅಂತ ಹೇಳಿದ್ದೇನೆ. ನಂಬಿದ್ದಾಳೆ. ನೀನು ಹೇಳ್ಬೇಡ ಅಕ್ಕ. ಸ್ಟೋರ್ ಕೀಪರ್ ಅಂತ ಅವಳು ತಲೆ ಎತ್ತಿ ನಡೀತಾಳೆ. ಬರುವ ವಾರ ನಾನು ಹೋಗ್ತೇನೆ, ಬೇರೆ ಕೆಲಸ ನೋಡ್ತೇನೆ. ಅಷ್ಟರವರೆಗೆ ಗೊತ್ತಾಗೋದು ಬೇಡ."

ಆಯಿತು, ಹೇಳುವುದಿಲ್ಲ ಎಂದೆ. ಆಮೇಲೆ ನನಗೆ ಗೊತ್ತಿದ್ದದ್ದನ್ನು ಹೇಳಿಕೊಟ್ಟೆ. ಸೀಳಿದ ಚರ್ಮಕ್ಕೆ ಪರಿಮಳದ ಕ್ರೀಮು ಬೇಡ, ಉರಿಯುತ್ತದೆ. ಮೆಡಿಕಲ್‌ನಲ್ಲಿ ಸಾದಾ ಪೆಟ್ರೋಲಿಯಂ ಜೆಲ್ಲಿ ಸಿಗುತ್ತದೆ, ಅದರಷ್ಟು ಅಗ್ಗದ್ದು ಬೇರೆ ಇಲ್ಲ. ನೀರಿನಿಂದ ಕೈ ತೆಗೆದ ಕೂಡಲೇ ಒತ್ತಿ ಒರೆಸಿ ಹಚ್ಚಬೇಕು. ಒಂದು ವಾರದಲ್ಲಿ ಗುಣ ಕಾಣದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಲೇಬೇಕು. ಅವನು ಸಣ್ಣವನಿದ್ದಾಗಿನ ಹಾಗೆ ತಲೆ ಅಲ್ಲಾಡಿಸುತ್ತ ಕೇಳಿದ.

ಹೊರಟಾಗ ತಮ್ಮನ ಹೆಂಡತಿ ಗೇಟಿನಲ್ಲಿ ಎದುರಾದಳು. ಚಹಾ ಕುಡಿಯದೆ ಹೊರಟಿರಾ ಎಂದು ಬೈದಳು. ನಾನು ಭುಜನೋವು, ಬಸ್ಸು ಎಂದು ಏನೇನೋ ಹೇಳಿದೆ. ಅವಳ ಮುಖ ನೋಡುವುದೇ ಕಷ್ಟವಾಯಿತು. ಅವಳು ತರಕಾರಿ ಚೀಲ ಕೆಳಗಿಟ್ಟು, ಒಮ್ಮೆ ಮನೆಯ ಕಡೆ ನೋಡಿ, ಹತ್ತಿರ ಬಂದಳು.

"ಅಕ್ಕ, ನಿಮ್ಮ ಡಬ್ಬದ ಅಡಿಯಲ್ಲಿ ಚೀಟಿ ಉಳಿದಿತ್ತಾ?"

ಚೀಲದಿಂದ ಡಬ್ಬ ತೆಗೆದು ಮಗುಚಿ ತೋರಿಸಿದೆ.

"ಬಾಕಿ ಎಲ್ಲದರದ್ದು ನಾನು ಉಗುರಿನಲ್ಲಿ ಕೆರೆದು ತೆಗೆದಿದ್ದೆ. ಕೊನೆಯದ್ದು ತೆಗೆಯುವಾಗ ಅವರು ರೂಮಿಗೆ ಬಂದ್ರು, ಹಾಗೇ ಬಿಟ್ಟೆ. ಆ ಕೈ ನೋಡಿದ್ರೆ ಯಾರಿಗೆ ಗೊತ್ತಾಗುವುದಿಲ್ಲ ಅಕ್ಕ?" ಅವಳು ಕಣ್ಣೊರೆಸಿಕೊಂಡಳು. "ನನಗೆ ಗೊತ್ತುಂಟು ಅಂತ ಅವರಿಗೆ ಹೇಳ್ಬೇಡಿ."

ಹೇಳುವುದಿಲ್ಲ ಎಂದೆ. ಅರ್ಧ ಗಂಟೆಯಲ್ಲಿ ಒಂದೇ ಮನೆಯಲ್ಲಿ ಎರಡನೆಯ ಸಲ ಆ ಮಾತು ಕೊಟ್ಟೆ.