ಬ್ರೇಕಮ್ಮನ ಬಲಾಬಲ

ಸಹನೆಯಲ್ಲಿ ಭೂಮಿಗೆ ಸಮಾನಳು. ಕ್ಲಚ್ಚಿನ ಮೇಲೆ ನಡುಗುವ ಪಾದಕ್ಕೆ ಧೈರ್ಯವನ್ನೂ ಎದುರು ಬರುವ ಲಾರಿಗೆ ದಾರಿಯನ್ನೂ ಏಕಕಾಲಕ್ಕೆ ಕೊಡಬಲ್ಲವಳು. ಅತ್ತೆಯ ಮಾತಿಗೆ ತನ್ನ ಕಿವಿಯನ್ನೂ ತನ್ನ ಮಾತಿಗೆ ಅತ್ತೆಯನ್ನೂ ಒಗ್ಗಿಸಿದವಳು. ಇಂತಪ್ಪ ಸದ್ಗುಣವತಿಯನ್ನು ಡ್ರೈವಿಂಗ್ ಶಾಲೆಯವರು ಬ್ರೇಕಮ್ಮನೆಂದು ಕರೆಯುತ್ತಿದ್ದರು. ಕಲಿಯುವವರ ಪಕ್ಕದಲ್ಲಿ ಕುಳಿತು, ತನ್ನ ಕಾಲಡಿಯ ಎರಡನೆಯ ಬ್ರೇಕಿನಿಂದ ಅದೆಷ್ಟೋ ಕಾಂಪೌಂಡು ಗೋಡೆಗಳನ್ನು ಕಾಪಾಡಿದ್ದಕ್ಕೆ ಸಂದ ಬಿರುದು ಅದು.

ಶಾಲೆಯಲ್ಲಿ ಮುಖ್ಯ ಶಿಕ್ಷಕರ ಹುದ್ದೆಯೊಂದು ಹುಟ್ಟಿತು. ಶಿಷ್ಯರನ್ನು ಗದರಿ ಅಳಿಸುವ ಜೊತೆಗಾರರನ್ನು ತಿದ್ದಬೇಕೆಂಬ ಹಂಬಲದಿಂದ ಬ್ರೇಕಮ್ಮ ಅದನ್ನು ಬಯಸಿದಳು. "ನಾಳೆ ಒಬ್ಬೊಬ್ಬರನ್ನೇ ಕರೆದು ಬಲ, ದೌರ್ಬಲ್ಯ ಕೇಳ್ತೀನಿ" ಎಂದರು ಮಾಲೀಕರು.

ಸಂಜೆ ಅಡುಗೆಮನೆಯಲ್ಲಿ ಸಮಾಲೋಚನಾ ಸಭೆ ನೆರೆಯಿತು.

"ನನ್ನ ಬಲ ಏನು ಹೇಳಿ ಅತ್ತೆ."

"ಬಾಯಿ."

"ದೌರ್ಬಲ್ಯ?"

"ಅದನ್ನ ಮುಚ್ಚೋಕೆ ಬರದೇ ಇರೋದು."

ಪಾತ್ರೆ ಒರೆಸುತ್ತಿದ್ದ ಗಂಡ ದನಿ ತಗ್ಗಿಸಿದ: "ಏನಾದ್ರೂ ಹೇಳ್ಕೋ, ಆ ಎಡ-ಬಲದ ವಿಷ್ಯ ಮಾತ್ರ ಎತ್ಬೇಡ ಕಣೇ."

ಅದೇ ಆಕೆಯ ಗುಟ್ಟು. ಕಣ್ಣಿಗೆ ಕಂಡ ದಾರಿ ತಪ್ಪುತ್ತಿರಲಿಲ್ಲ. ಎಡ, ಬಲ ಎಂಬ ಪದಗಳು ಬಂದೊಡನೆ ಮಾತ್ರ ತಲೆಯೊಳಗೆ ಎಲ್ಲವೂ ತಾರುಮಾರು. ಆದುದರಿಂದ ಪಾಠದಲ್ಲಿ "ನನ್ನ ಕಡೆ ತಿರುಗ್ಸಿ, ನಿಮ್ಮ ಕಡೆ ತಿರುಗ್ಸಿ" ಎಂದೇ ನಿಭಾಯಿಸಿದ್ದಳು.

ಮರುದಿನ ಮಾಲೀಕರು ಕೇಳಿದರು: "ಹೇಳಿ, ನಿಮ್ಮ ಬಲ ಯಾವುದು?"

ಗುಟ್ಟು ರಟ್ಟಾಯಿತೆಂದು ಬ್ರೇಕಮ್ಮ ಎಣಿಸಿದಳು. ಥಟ್ಟನೆ ಕೈಯೆತ್ತಿ, "ಇದು ಸಾರ್" ಎಂದಳು.

ಎತ್ತಿದ್ದು ಎಡಗೈ.

ಮಾಲೀಕರು ಕನ್ನಡಕ ತೆಗೆದರು. "ಓಹೋ! ಪರೀಕ್ಷೆಯಲ್ಲಿ ಇನ್‌ಸ್ಪೆಕ್ಟರು ಬಲಕ್ಕೆ ತಿರುಗಿ ಅಂದ್ರೆ ನಿಮ್ಮ ಶಿಷ್ಯರು 'ನನ್ನ ಕಡೆನಾ, ನಿಮ್ಮ ಕಡೆನಾ ಸಾರ್?' ಅಂತ ಕೇಳೋದು ಇದಕ್ಕೇನಮ್ಮಾ! ಅವರು ನನಗೆ ಫೋನ್ ಮಾಡಿ ಬೈತಾರೆ."

"ಹಾಗಾದ್ರೆ ಹುದ್ದೆ ಹೋಯ್ತಾ ಸಾರ್?"

"ತಡೀರಿ. ನಿಮ್ಮವರು ಕೇಳ್ತಾರೆ, ಆದ್ರೆ ಕೈ ನಡುಗಿಸದೆ ಕೇಳ್ತಾರೆ. ಮಿಕ್ಕವರ ಶಿಷ್ಯರು ಎಡ-ಬಲ ಎಲ್ಲಾ ಗೊತ್ತಿದ್ದೂ ಗಾಬರೀಲಿ ಕಂಬಕ್ಕೆ ಗುದ್ದುತ್ತಾರೆ. ಗದರದೆ ಕಲಿಸೋದನ್ನ ನಮ್ಮ ಮೇಷ್ಟ್ರುಗಳಿಗೆ ನೀವು ಹೇಳ್ಕೊಡಿ. ಎಡ-ಬಲಾನ ನಿಮ್ಮ ಶಿಷ್ಯರಿಗೆ ಅವರು ಹೇಳ್ಕೊಡ್ಲಿ. ಒಪ್ಪಿಗೆನಾ?"

"ಒಪ್ಪಿಗೆ ಸಾರ್. ನನಗೂ ಹೇಳ್ಕೊಟ್ರೆ ಇನ್ನೂ ಒಪ್ಪಿಗೆ!"

ಹೀಗೆ ಮುಖ್ಯ ಶಿಕ್ಷಕಿಯಾದ ಆ ತಾಯಿಗೆ ಭಗವಂತನು ದೀರ್ಘಾಯುಷ್ಯವನ್ನು ಕೊಡಲಿ. ಆಕೆಯ ಅತ್ತೆಗೆ ಗಟ್ಟಿ ಮೊಣಕಾಲನ್ನೂ ಪತಿಗೆ ನಿಶ್ಚಿಂತ ನಿದ್ರೆಯನ್ನೂ ಕರುಣಿಸಲಿ. ಆ ಮನೆಯ ದೀಪ ಆರದಿರಲಿ, ನಗೆ ಬತ್ತದಿರಲಿ.